ಎರಡು ಸಹಿ, ಒಂದು ಹೆಸರು

ನನ್ನ ಅಪ್ಪ ತಹಸೀಲ್ದಾರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕನ್ನು ಬಿಟ್ಟು ಅವನ ನೌಕರಿ ಆಚೆ ಹೋಗಲಿಲ್ಲ. ಆದರೆ ಈ ನಾಲ್ಕರೊಳಗೇ ಅವನನ್ನು ಬುಗುರಿಯಂತೆ ತಿರುಗಿಸಿದರು. ಚುನಾವಣೆ ಮುಗಿದ ಮೇಲೆ ಗೆದ್ದವರು, ಇವನು ಸೋತವರ ಮನುಷ್ಯ ಎಂದು ಎತ್ತಂಗಡಿ ಮಾಡಿಸುತ್ತಿದ್ದರು. ಮುಂದಿನ ಸಲ ಆ ಸೋತವರೇ ಗೆದ್ದು ಬಂದು, ಇವನು ಅವರ ಮನುಷ್ಯ ಎಂದು ಮತ್ತೆ ಅದನ್ನೇ ಮಾಡಿಸುತ್ತಿದ್ದರು. ಅಪ್ಪ ಯಾರ ಮನುಷ್ಯನೂ ಆಗಿರಲಿಲ್ಲ. ಮನೆಯ ಮನುಷ್ಯನೂ ಸರಿಯಾಗಿ ಆಗಲಿಲ್ಲವೆಂದು ಟ್ರಂಕು ತುಂಬುವಾಗಲೆಲ್ಲ ಅವ್ವ ಗೊಣಗುತ್ತಿದ್ದಳು.

ಅಪ್ಪನದೊಂದು ನೇಮವಿತ್ತು. ಕಚೇರಿ ಕೆಲಸದ ಮೇಲೆ ಹೋದಾಗ ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮನೆಗೆ ಬಂದವರು ಚಹಾ ಬೇಡವೆಂದರೆ ಮನೆಯವರ ಮುಖ ಇಳಿದು ಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಅವನನ್ನು ಕೇಳಿದ್ದೆ. “ಕುಡದ್ರ ಅವ್ರ ಪೈಕಿ ಅಂತಾರ, ಬ್ಯಾಡಂದ್ರ ಸೊಕ್ಕಿನವ ಅಂತಾರ. ಸೊಕ್ಕಿನವ ಅನ್ನಿಸ್ಕೊಳ್ಳೂದು ಚಲೋ, ಅದಕ್ಕ ವರ್ಗಾ ಮಾಡಾಂಗಿಲ್ಲ,” ಅಂದಿದ್ದ. ಅದಕ್ಕೂ ಮಾಡುತ್ತಿದ್ದರು. ಆದರೂ ನೇಮ ಮುರಿಯಲಿಲ್ಲ. ನನಗೆ ಅವನ ಮೇಲೆ ಬಹಳ ಹೆಮ್ಮೆಯಿತ್ತು. ಈಗಲೂ ಇದೆ.

ನಾನು ಸರಕಾರಿ ಸಾಲಿಯ ಶಿಕ್ಷಕಿಯಾದೆ. ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಶಿಕ್ಷಕಿ ಎಂದರೆ ಬರೀ ಪಾಠ ಹೇಳುವುದಲ್ಲ. ದನ ಎಣಿಸುವುದು, ಜನ ಎಣಿಸುವುದು, ಅವೆರಡರ ನಡುವೆ ಬಿಡುವಾದರೆ ಮತದಾರರ ಪಟ್ಟಿ ನೋಡಿಕೊಳ್ಳುವುದು. ನಮ್ಮ ಸಾಲಿಯ ಮತಗಟ್ಟೆಯ ಪಟ್ಟಿ ನನ್ನ ಪಾಲಿಗೆ ಬಂತು. ಯಾರು ಸತ್ತರು, ಯಾರು ಮದುವೆಯಾಗಿ ಹೋದರು, ಯಾರಿಗೆ ಹದಿನೆಂಟು ತುಂಬಿತು, ಎಲ್ಲವನ್ನೂ ಮನೆಮನೆಗೆ ಹೋಗಿ ಕೇಳಿ ಬರೆದುಕೊಡಬೇಕು. ನಾನು ಬರೆದುಕೊಟ್ಟದ್ದನ್ನು ತಾಲೂಕು ಕಚೇರಿಯವರು ನಂಬುತ್ತಾರೆ. ಅವರಿಗೆ ನಮ್ಮೂರಿಗೆ ಬಂದು ನೋಡಲು ಪುರುಸೊತ್ತಿಲ್ಲ.

ನಮ್ಮೂರಲ್ಲಿ ಎರಡು ಹೋಟೆಲ್ಲುಗಳಿವೆ. ಒಂದು ಊರ ಹೆಬ್ಬಾಗಿಲು, ಅಂದರೆ ಅಗಸಿಯ ಪಕ್ಕ, ಇನ್ನೊಂದು ಬೇವಿನ ಗಿಡದ ಕೆಳಗೆ. ಎರಡರ ನಡುವೆ ಒಂದು ರಸ್ತೆ ಅಷ್ಟೇ. ಎರಡರಲ್ಲೂ ಅದೇ ಚಹಾ, ಅದೇ ಮಿರ್ಚಿ, ಅದೇ ಚುರುಮುರಿ. ಆದರೆ ಅಗಸಿ ಹೋಟೆಲ್ಲಿನಲ್ಲಿ ಕೂತವರು ಒಂದು ಪಾರ್ಟಿ, ಬೇವಿನ ಗಿಡದಡಿ ಕೂತವರು ಇನ್ನೊಂದು. ಊರಿಗೆ ಹೊಸದಾಗಿ ಬಂದ ಕಂಪೌಂಡರನೊಬ್ಬ ಗೊತ್ತಿಲ್ಲದೆ ಮೊದಲ ದಿನ ಬೇವಿನ ಗಿಡದಡಿ ಚಹಾ ಕುಡಿದ. ಅಗಸಿಯ ಕಡೆಯವರು ಮೂರು ತಿಂಗಳು ಅವನ ಕೈಯಿಂದ ಸೂಜಿ ಹಾಕಿಸಿಕೊಳ್ಳಲಿಲ್ಲ. ಜ್ವರ ಬಂದವರು ಬಸ್ಸು ಹತ್ತಿ ಬಾಗೇವಾಡಿಗೆ ಹೋಗುತ್ತಿದ್ದರು.

ನಾನು ಅಪ್ಪನ ಮಗಳು. ಮೊದಲ ದಿನದಿಂದಲೇ ಸ್ಟೀಲಿನ ಥರ್ಮಾಸಿನಲ್ಲಿ ಮನೆಯ ಚಹಾ ತಂದೆ. ಅಪ್ಪನ ನೇಮಕ್ಕೆ ನನ್ನದೊಂದನ್ನು ಸೇರಿಸಿದೆ. ಪಟ್ಟಿಯ ಕೆಲಸಕ್ಕೆ ಹೋದಾಗ ಯಾರ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಕಟ್ಟೆಯ ಮುಂದೆ ನಿಂತು ಕೂಗಿ, ಕೇಳಿ, ಬರೆದುಕೊಂಡು ಹೊರಡುತ್ತಿದ್ದೆ.

“ಅಕ್ಕೋರ, ಒಳಗ ಬರ್ರಿ, ಚಾ ಕುಡದು ಹೋಗ್ರಿ.”

“ಬ್ಯಾಡ್ರಿ, ಆಗೇತ್ರಿ.”

“ಎಲ್ಲಿ ಆಗೇತ್ರಿ?”

ಈ ಕೊನೆಯ ಪ್ರಶ್ನೆಗಾಗಿಯೇ ಥರ್ಮಾಸು. ಅದನ್ನು ಎತ್ತಿ ತೋರಿಸುತ್ತಿದ್ದೆ.

ಇನ್ನೊಂದು ಪದ್ಧತಿಯನ್ನೂ ನಾನೇ ಮಾಡಿಕೊಂಡಿದ್ದೆ. ಯಾವುದಾದರೂ ಹೆಸರಿನ ಬಗ್ಗೆ ತಕರಾರು ಬಂದರೆ ಅಗಸಿಯ ಕಡೆಯ ಒಬ್ಬರು, ಬೇವಿನ ಗಿಡದ ಕಡೆಯ ಒಬ್ಬರು, ಹೀಗೆ ಇಬ್ಬರ ಸಹಿ ತೆಗೆದುಕೊಳ್ಳುತ್ತಿದ್ದೆ. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ಒಂದೇ ಮಾತು ಹೇಳಿದರೆ ಅದು ಸುಳ್ಳಾಗಲು ಹೇಗೆ ಸಾಧ್ಯ? ತಾಲೂಕು ಕಚೇರಿಯಲ್ಲಿ ಈ ಪದ್ಧತಿಗೆ ಶಭಾಸ್‌ಗಿರಿ ಸಿಕ್ಕಿತು. ಉಳಿದ ಶಿಕ್ಷಕರಿಗೂ ಹೀಗೆ ಮಾಡಿ ಎಂದು ಸಭೆಯಲ್ಲಿ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಒಳಗೊಳಗೇ ಉಬ್ಬಿ ಹೋಗಿದ್ದೆ.

ಊರಿನಲ್ಲಿ ಎಲ್ಲ ಹೊಸ್ತಿಲನ್ನೂ ದಾಟುವ ಹೆಂಗಸು ಒಬ್ಬಳಿದ್ದಳು. ಬಳೆ ಮಾರುವ ಖಾಲಾ. ಎಪ್ಪತ್ತರ ಹತ್ತಿರದ ವಯಸ್ಸು, ತಲೆಯ ಮೇಲೆ ಬಳೆಯ ಬುಟ್ಟಿ, ಬಾಯಲ್ಲಿ ಎಲೆ ಅಡಿಕೆ. ಅವಳ ಗಂಡನ ಮನೆಯವರು ತಲೆತಲಾಂತರದಿಂದ ಈ ಊರಿನ ಹೆಣ್ಣುಮಕ್ಕಳಿಗೆ ಬಳೆ ಇಡಿಸುತ್ತ ಬಂದವರು. ಗಂಡ ತೀರಿದ ಮೇಲೆ ಬುಟ್ಟಿ ಇವಳ ತಲೆಗೆ ಬಂತು. ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಳು. ಮಸೀದಿಯ ಓಣಿಯಲ್ಲಿ ಒಂದು ಕೋಣೆಯ ಮನೆ, ಒಬ್ಬಳೇ ಇರುತ್ತಿದ್ದಳು. ದೇವರ ಹಿಪ್ಪರಗಿಯ ಸಂತೆಗೂ ಹೋಗುತ್ತಿದ್ದಳು, ಸುತ್ತಲ ಊರುಗಳ ಮದುವೆ ಮನೆಗಳಿಗೂ ಹೋಗುತ್ತಿದ್ದಳು, ಸಂಜೆಯ ಕೊನೆಯ ಬಸ್ಸಿಗೆ ವಾಪಸು ಬರುತ್ತಿದ್ದಳು.

ಬಳೆ ಇಡಿಸಿಕೊಂಡವರು ಬಳೆ ಇಡಿಸಿದವಳಿಗೆ ನಮಸ್ಕಾರ ಮಾಡಬೇಕು. ಅವಳಿಗೆ ಚಹಾ ಕೊಡದೆ ಕಳಿಸಬಾರದು. ಹಾಗಾಗಿ ಅಗಸಿ ಪಾರ್ಟಿಯ ಹಿರಿಯರ ಅಡುಗೆಮನೆಯಲ್ಲೂ ಖಾಲಾ ಚಹಾ ಕುಡಿಯುತ್ತಿದ್ದಳು, ಬೇವಿನ ಗಿಡದ ಪಾರ್ಟಿಯ ಗೊಬ್ಬರದಂಗಡಿಯವನ ಅಡುಗೆಮನೆಯಲ್ಲೂ ಕುಡಿಯುತ್ತಿದ್ದಳು. ಎರಡೂ ಮನೆಯ ಸೊಸೆಯಂದಿರು ಅವಳ ಕಾಲಿಗೆ ಬೀಳುತ್ತಿದ್ದರು. ನನ್ನ ಕುಬಸಕ್ಕೆ ಹಸಿರು ಬಳೆ ಇಡಿಸಿದವಳೂ ಅವಳೇ. ಡಜನ್ನಿನ ಮೇಲೆ ಒಂದನ್ನು ಹೆಚ್ಚಿಗೆ ಇಡಿಸಿ, “ಇದು ಹೊಟ್ಯಾಗಿನ ಕೂಸಿಂದು,” ಅಂದಿದ್ದಳು. ನಾನೂ ಕಾಲಿಗೆ ಬಿದ್ದಿದ್ದೆ. ನಾನು ಹೊಸ್ತಿಲಾಚೆ ನಿಂತು ಥರ್ಮಾಸು ಎತ್ತಿ ತೋರಿಸುವಾಗ ಅವಳು ಅದೇ ಮನೆಯ ಒಳಗಿಂದ ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತ ನನ್ನ ಕಡೆ ನೋಡಿ ನಗುತ್ತಿದ್ದಳು.

ಆ ವರ್ಷ ಚುನಾವಣೆ ಹತ್ತಿರ ಬಂದಿತ್ತು. ಪಟ್ಟಿಯಿಂದ ಹೆಸರು ತೆಗೆಯಬೇಕೆಂಬ ಅರ್ಜಿಗಳ ಒಂದು ಕಟ್ಟು ಕಚೇರಿಯಿಂದ ನನ್ನ ಕೈಗೆ ಬಂತು. ಅಗಸಿ ಪಾರ್ಟಿಯ ಹುಡುಗರು ಕೊಟ್ಟದ್ದು. ನೋಡಿದರೆ ಹೆಚ್ಚಿನವು ಸರಿಯಾಗಿದ್ದವು. ತೀರಿಕೊಂಡವರು, ಮದುವೆಯಾಗಿ ಹೋದವರು. ಅವುಗಳ ನಡುವೆ ಖಾಲಾಳ ಹೆಸರೂ ಇತ್ತು. ಮುದ್ದೇಬಿಹಾಳದಲ್ಲಿ ಮಗಳ ಮನೆಗೆ ಹೋಗಿ ನೆಲೆಸಿದ್ದಾಳೆ, ಇಲ್ಲಿ ವಾಸವಿಲ್ಲ ಎಂದು ಬರೆದಿತ್ತು.

ಸಾಲಿ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಬೀಗ. ಎರಡು ದಿನ ಬಿಟ್ಟು ಹೋದೆ. ಬೀಗ. ಭಾನುವಾರ ಹೋದೆ, ಆಗಲೂ ಬೀಗವೇ. ಮದುವೆಗಳ ದಿನಗಳು ಅವು, ಬಳೆ ಇಡಿಸುವವಳು ಮನೆಯಲ್ಲಿ ಹೇಗಿದ್ದಾಳು? ಈ ಮಾತು ಆಗ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ನಿಯಮದ ಪ್ರಕಾರ ನೋಟಿಸನ್ನು ಬಾಗಿಲಿಗೆ ಅಂಟಿಸಿದೆ. ಇಷ್ಟು ದಿನದೊಳಗೆ ಬಂದು ಉತ್ತರ ಕೊಡದಿದ್ದರೆ ಹೆಸರು ತೆಗೆಯಲಾಗುವುದು ಎಂದು ಅದರಲ್ಲಿತ್ತು. ಖಾಲಾಗೆ ಓದಲು ಬಾರದು. ಅದೂ ನನಗೆ ಗೊತ್ತಿತ್ತು.

ಮೂರು ದಿನದ ನಂತರ ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಸುತ್ತಿದ್ದೆ. ಕಿಟಕಿಯಾಚೆ ಗೇಟಿನ ಮುಂದೆ ಖಾಲಾ ಹೊರಟಿದ್ದಳು, ತಲೆಯ ಮೇಲೆ ಬುಟ್ಟಿ. ನನ್ನನ್ನು ಕಂಡು ಒಂದು ಕೈಯಿಂದ ಬುಟ್ಟಿ ಹಿಡಿದು ಇನ್ನೊಂದು ಕೈ ಎತ್ತಿ ಬೀಸಿದಳು. ನಾನೂ ತಲೆಯಾಡಿಸಿದೆ. ಹೊರಗೆ ಹೋಗಿ, ಖಾಲಾ, ನಿನ್ನ ಹೆಸರು ತೆಗೀಬೇಕಂತ ಅರ್ಜಿ ಬಂದೈತಿ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಹೋಗಲಿಲ್ಲ. ಅವಳು ನನ್ನ ಕುಬಸಕ್ಕೆ ಬಳೆ ಇಡಿಸಿದವಳು, ನನಗೆ ಬೇಕಾದವಳು. ಬೇಕಾದವರಿಗೆ ಗೇಟಿನಲ್ಲೇ ಕೆಲಸ ಮಾಡಿಕೊಟ್ಟಳು ಎಂದು ಯಾರಾದರೂ ಆಡಿಕೊಂಡರೆ? ಮುದ್ದೇಬಿಹಾಳದಲ್ಲಿದ್ದುಕೊಂಡೇ ವ್ಯಾಪಾರಕ್ಕೆ ಬಸ್ಸಿಗೆ ಬಂದು ಹೋಗುತ್ತಿರಬಹುದು ಎಂದೂ ಅಂದುಕೊಂಡೆ. ನಾನು ನೋಡಿದ್ದು ನನ್ನ ಖಾಸಗಿ ಮಾತು, ಸರಕಾರದ ಕಾಗದಕ್ಕೆ ಬೇಕಾದದ್ದು ಸಾಕ್ಷಿ. ಆಗ ಇದು ಬಹಳ ದೊಡ್ಡ ವಿಚಾರವೆನ್ನಿಸಿತ್ತು.

ಸಾಕ್ಷಿಗೆ ನನ್ನ ಪದ್ಧತಿ ಇತ್ತಲ್ಲ. ಅಗಸಿಯ ಹಿರಿಯರು ಕಟ್ಟೆಯ ಮೇಲೆ ಕೂತೇ ಸಹಿ ಮಾಡಿದರು. “ಆಕಿ ಮಗಳ ಮನ್ಯಾಗ ಇರ್ತಾಳ್ರಿ ಅಕ್ಕೋರ.” ಗೊಬ್ಬರದಂಗಡಿಯವನ ಹತ್ತಿರ ಹೋದೆ. ಅವನು ಖಾಲಾಳ ಓಣಿಯವರ ಪಾರ್ಟಿಯವನು, ಒಪ್ಪಲಿಕ್ಕಿಲ್ಲ, ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ಕಾಗದ ನೋಡಿ, “ಹೌದ್ರಿ, ಮುದ್ದೇಬಿಹಾಳಕ್ಕ ಹೋಗ್ಯಾಳ್ರಿ,” ಎಂದು ಕಿವಿಯ ಮೇಲಿನ ಪೆನ್ನು ತೆಗೆದು ಸಹಿ ಜಗ್ಗಿದ. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರೂ ಒಂದೇ ಮಾತು ಹೇಳಿದ್ದರು. ನಾನು ವಾಸವಿಲ್ಲ ಎಂದು ಬರೆದು ಕಾಗದ ಕಳಿಸಿದೆ. ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮತದಾನದ ದಿನ ಸಾಲಿಯ ಅಂಗಳದಲ್ಲಿ ಹುಣಸೆ ಗಿಡದ ನೆರಳಿಗೆ ಟೇಬಲ್ ಹಾಕಿಕೊಂಡು ಪಟ್ಟಿ ಹಿಡಿದು ಕೂತಿದ್ದೆ. ಬಂದವರಿಗೆ ಅವರ ಕ್ರಮಸಂಖ್ಯೆ ಹೇಳುವುದು ನನ್ನ ಕೆಲಸ. ಹತ್ತು ಗಂಟೆಯ ಹೊತ್ತಿಗೆ ಖಾಲಾ ಬಂದಳು. ಆ ದಿನ ಬುಟ್ಟಿ ಇರಲಿಲ್ಲ. ಇಳಕಲ್ ಸೀರೆ ಉಟ್ಟು ತಲೆ ತುಂಬ ಸೆರಗು ಹೊದ್ದಿದ್ದಳು. ಪಾಳಿಯಲ್ಲಿ ನಿಂತ ಹೆಂಗಸರ ಕೈ ಮುಟ್ಟಿ ಬಳೆ ಒಡೆದಿವೆಯೋ ನೋಡುತ್ತ, ತಮಾಷೆ ಮಾಡುತ್ತ ನನ್ನ ಟೇಬಲ್ಲಿಗೆ ಬಂದಳು. ಪ್ಲಾಸ್ಟಿಕ್ ಚೀಲದೊಳಗಿಂದ ಮತದಾರರ ಕಾರ್ಡು ತೆಗೆದಳು. ಅದರ ಜೊತೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ಟೇಬಲ್ಲಿನ ಮೇಲೆ ಬಿಡಿಸಿ ಇಟ್ಟಳು.

“ನಂದು ಎಷ್ಟನೇ ನಂಬರ್ ನೋಡ್ರಿ ಅಕ್ಕೋರ. ಚೀಟಿ ಜ್ವಾಕಿ ಮಾಡಿ ಇಟ್ಟೇನ್ರಿ.”

ಅದು ನಾನು ಅವಳ ಬಾಗಿಲಿಗೆ ಅಂಟಿಸಿದ ನೋಟಿಸು. ಮೂಲೆಗಳಲ್ಲಿ ಅಂಟು ಹಾಗೇ ಇತ್ತು. ಹರಿಯದ ಹಾಗೆ ನೀರು ಹಚ್ಚಿ ಬಿಡಿಸಿದ್ದಳು. ಸರಕಾರದ ಮುದ್ರೆ ಇದೆ, ಅಕ್ಕೋರು ಹಚ್ಚಿ ಹೋಗಿದ್ದಾರೆ, ವೋಟಿನ ಚೀಟಿಯೇ ಇರಬೇಕೆಂದು ತಿಂಗಳುಗಟ್ಟಲೆ ಕಾರ್ಡಿನ ಜೊತೆ ಕಾಪಾಡಿದ್ದಳು. ಎಲ್ಲರ ಮನೆಗೂ ವೋಟಿನ ಚೀಟಿ ಹಂಚುವಾಗ ಅವಳ ಮನೆಗೆ ನಾನು ಹೋಗಿರಲಿಲ್ಲ. ಅವಳೂ ಕೇಳಿರಲಿಲ್ಲ. ತನ್ನದು ಮೊದಲೇ ಬಂದಿದೆಯಲ್ಲ.

ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ತೆಗೆಯಲಾಗಿದೆ ಎಂಬ ಮುದ್ರೆ ಅಡ್ಡಕ್ಕೆ ಬಿದ್ದಿತ್ತು. ನಾನು ಬೆರಳಿಟ್ಟು ತೋರಿಸಿದೆ. ಓದಲು ಬಾರದವಳಿಗೆ ಯಾಕೆ ತೋರಿಸಿದೆನೋ ಗೊತ್ತಿಲ್ಲ. ಬಾಯಿಂದ ಹೇಳಲು ಆಗದ್ದಕ್ಕೆ ಇರಬೇಕು.

“ಖಾಲಾ, ಹೆಸರು ತಗದಾರ.”

“ಯಾಕ್ರಿ?”

“ನೀ ಮುದ್ದೇಬಿಹಾಳಕ್ಕ ಹೋಗಿದಿ ಅಂತ ಬರದೈತಿ.”

“ಯಾರು ಬರದಾರ್ರಿ?”

ಎರಡು ಸಹಿಗಳ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. “ನಾನ ಬರದೇನಿ,” ಅಂದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. “ನೀವು ನನ್ನ ನೋಡಿದ್ರೆಲ್ರಿ ಅಕ್ಕೋರ. ಕಿಡಕ್ಯಾಗಿಂದ. ನಾ ಕೈ ಮಾಡಿದ್ನಿ, ನೀವೂ ಗೋಣು ಹಾಕಿದ್ರಿ,” ಅಂದಳು. ನೋಟಿಸನ್ನು ಮಡಚಿ ಕಾರ್ಡಿನ ಜೊತೆ ಚೀಲಕ್ಕೆ ಹಾಕಿಕೊಂಡಳು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮತಗಟ್ಟೆಯ ಅಧಿಕಾರಿಯನ್ನು ಕೇಳಿದೆ. ಅವರು ಸಭ್ಯರು, ಸಿಂದಗಿಯ ಕಡೆಯವರು. ಪಟ್ಟಿ ನೋಡಿ, ಏನೂ ಮಾಡಲು ಬರುವುದಿಲ್ಲವೆಂದರು. ನನಗೂ ಅದು ಗೊತ್ತಿದ್ದದ್ದೇ. ಖಾಲಾ ಪಾಳಿಯ ಪಕ್ಕದಿಂದ ವಾಪಸು ಹೋದಳು. ಈ ಸಲ ಯಾರ ಕೈಯನ್ನೂ ಮುಟ್ಟಲಿಲ್ಲ. ನಾನು ಸಂಜೆಯವರೆಗೂ ಅಲ್ಲೇ ಕೂತು ಉಳಿದವರ ನಂಬರು ಹೇಳಿದೆ. ಥರ್ಮಾಸಿನ ಚಹಾ ಹಾಗೇ ಉಳಿಯಿತು.

ಮರುದಿನ ಸಹಿ ಮಾಡಿದ ಇಬ್ಬರನ್ನೂ ಹೋಗಿ ಕೇಳಿದೆ. ಯಾರೂ ತಪ್ಪಿಸಿಕೊಳ್ಳಲಿಲ್ಲ, ನಾಚಲೂ ಇಲ್ಲ. ಅಗಸಿಯ ಹಿರಿಯರು, “ಆಕಿ ಓಣಿ ಯಾವ್ದು ನೋಡ್ರಲಾ. ಆ ಓಣ್ಯಾಗಿನ ವೋಟು ನಮಗ್ಯಾಕ ಬೀಳ್ತೈತ್ರಿ?” ಅಂದರು. ಅವರ ಹಿಂದೆ ನಿಂತಿದ್ದ ಸೊಸೆಯ ಕೈಯಲ್ಲಿ ಖಾಲಾ ಇಡಿಸಿದ ಬಳೆಗಳಿದ್ದವು. ಗೊಬ್ಬರದಂಗಡಿಯವನು ಇನ್ನೂ ನೇರವಾಗಿ ಹೇಳಿದ. “ಆಕಿ ಅವ್ರ ಅಡಗಿಮನ್ಯಾಗ ಕುಂದ್ರಾಕಿ ಅಕ್ಕೋರ. ಓಣಿ ನಮ್ದು, ಮನಸ ಅವ್ರ ಕಡೆ. ಅಂಥವ್ರು ಇದ್ದ್ರೇನು, ಹೋದ್ರೇನ್ರಿ?”

ಖಾಲಾ ಯಾರಿಗೆ ವೋಟು ಹಾಕುತ್ತಾಳೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಇಬ್ಬರೂ ಅವಳನ್ನು ಎದುರಿನವರ ಪಾಲಿಗೆ ಹಾಕಿದ್ದರು. ಇಡೀ ಊರಿನಲ್ಲಿ ಯಾವ ಪಾರ್ಟಿಗೂ ಸೇರದವಳು ಒಬ್ಬಳಿದ್ದಳು, ಅವಳನ್ನು ತೆಗೆಯುವ ವಿಷಯದಲ್ಲಿ ಎರಡೂ ಪಾರ್ಟಿ ಒಂದಾಗಿದ್ದವು. ನಾನು ಆ ಒಗ್ಗಟ್ಟನ್ನೇ ನಿಜವೆಂದು ತಿಳಿದೆ. ಅಪ್ಪನನ್ನು ನಾಲ್ಕು ಊರು ತಿರುಗಿಸಿದ್ದೂ ಇದೇ ಲೆಕ್ಕ ಅಲ್ಲವೇ ಎಂದು ದಾರಿಯಲ್ಲಿ ಹೊಳೆದು ಅಲ್ಲೇ ನಿಂತುಬಿಟ್ಟೆ. ಅಪ್ಪನಿಗಾದದ್ದನ್ನು ನೋಡುತ್ತ ಬೆಳೆದವಳು, ಅದನ್ನೇ ಇನ್ನೊಬ್ಬರಿಗೆ ನನ್ನ ಕೈಯಾರೆ ಮಾಡಿದ್ದೆ. ಅದೂ ಅಪ್ಪನ ಹೆಸರು ಹೇಳಿಕೊಂಡು.

ಒಂದು ವಾರ ಬಿಟ್ಟು ಖಾಲಾ ಬುಟ್ಟಿ ಹೊತ್ತು ನಮ್ಮ ಮನೆಯ ಮುಂದಿನಿಂದ ಹೊರಟಿದ್ದಳು. ಕರೆದೆ. ಬಂದಳು. ಕೈ ನೋಡಿ ಬಳೆ ಇಡಿಸಿದಳು, ಮೊದಲಿನ ಹಾಗೆಯೇ ಮೆತ್ತಗೆ, ಒಂದೂ ಒಡೆಯದ ಹಾಗೆ. ನಾನು ಕಾಲಿಗೆ ಬಿದ್ದೆ. ಎದ್ದು ಚಹಾ ತಂದಿಟ್ಟರೆ ಬಸಿಯನ್ನು ಪಕ್ಕಕ್ಕೆ ಸರಿಸಿದಳು.

“ಈಗ ಬ್ಯಾಡ್ರಿ ಅಕ್ಕೋರ. ಹೆಸರು ಬರ್ಲಿ.”

ನಮ್ಮ ಕಡೆ ಚಹಾ ಬೇಡವೆಂದರೆ ಮನೆಯವರಿಗೆ ಹೇಗಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಎಷ್ಟು ಮನೆಗಳ ಮುಂದೆ ನಿಂತು ನಾನು ಹಾಗೆ ಮಾಡಿದ್ದೆ!

ಹೊಸದಾಗಿ ಹೆಸರು ಸೇರಿಸುವ ಅರ್ಜಿ ತುಂಬಿದೆ. ಸ್ಥಳ ಪರಿಶೀಲನೆಯ ಜಾಗದಲ್ಲಿ ಬರೆದೆ: ಈ ಮಹಿಳೆ ಇದೇ ಊರಿನಲ್ಲಿ ವಾಸವಾಗಿರುವುದನ್ನು ಇಲ್ಲಿಗೆ ಬಂದಾಗಿನಿಂದ ನಾನು ಸ್ವತಃ ಕಂಡಿದ್ದೇನೆ. ಕೆಳಗೆ ನನ್ನ ಸಹಿ ಒಂದೇ. ತಾಲೂಕು ಕಚೇರಿಯ ಗುಮಾಸ್ತ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದ. “ಮೇಡಮ್, ನೀವು ಯಾವಾಗ್ಲೂ ಎರಡು ಕಡೆಯವ್ರ ಸಹಿ ತರ್ತಿದ್ರಿ. ಇದಕ್ಕ ಇಲ್ಲಲ್ರಿ?” “ಇದಕ್ಕ ನಾನ ಸಾಕ್ಷಿ ಅದೇನ್ರಿ,” ಅಂದೆ. ನಾಳೆ ಯಾರಾದರೂ ತಕರಾರು ತೆಗೆದರೆ ನಿಮ್ಮ ಕೊರಳಿಗೇ ಬರುತ್ತದೆ ಎಂದ. ಬರಲಿ ಅಂದೆ.

ಹೆಸರು ಬಂತು, ಕಾರ್ಡೂ ಬಂತು. ಅಷ್ಟರಲ್ಲಿ ತೊಗರಿ ರಾಶಿ ಮುಗಿದು ಹೊಲಗಳು ಖಾಲಿಯಾಗಿದ್ದವು. ಕಾರ್ಡು ಹಿಡಿದು ಮಸೀದಿ ಓಣಿಗೆ ಹೋದೆ. ಖಾಲಾ ಮನೆಯಲ್ಲಿದ್ದಳು. ನಾನು ಕಟ್ಟೆಯ ಹತ್ತಿರ ನಿಂತು ಕೂಗಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಓಣಿಯ ಮಂದಿ ಬಾಗಿಲಿಗೆ ಬಂದು ನೋಡಿದರು. ಸಂಜೆಯೊಳಗೆ ಎರಡು ಹೋಟೆಲ್ಲಿಗೂ ಸುದ್ದಿ ಮುಟ್ಟುತ್ತದೆ, ಅಕ್ಕೋರು ಕಡೆಗೂ ಒಂದು ಪಾರ್ಟಿ ಹಿಡಿದರು ಎನ್ನುತ್ತಾರೆ ಎಂದು ಗೊತ್ತಿತ್ತು. ಅಂದರು ಕೂಡ. ಮುಂದೆ ಎರಡು ಪಾರ್ಟಿಯವರ ಮನೆಯೊಳಗೂ ಹೋಗಿ ಕೂತು ಚಹಾ ಕುಡಿಯತೊಡಗಿದ ಮೇಲೆ ಏನು ಅನ್ನಬೇಕೆಂದು ತಿಳಿಯದೆ ಸುಮ್ಮನಾದರು.

ಖಾಲಾ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು ತನ್ನ ಫೋಟೋ ನೋಡಿಕೊಂಡು, “ಹಿಂಗ್ಯಾಕ ಮುದುಕಿ ಕಂಡಂಗ ಕಾಣ್ತೇನ್ರಿ?” ಎಂದು ನಕ್ಕಳು. ಚಹಾ ಮಾಡಿದಳು. ಸಕ್ಕರೆ ಬಹಳ ಹಾಕಿದ್ದಳು. ಇಬ್ಬರೂ ಬಸಿಯಲ್ಲಿ ಸುರುವಿಕೊಂಡು ಕುಡಿದೆವು. ಅರ್ಧ ಬಸಿ ಮುಗಿದ ಮೇಲೆ ಅವಳು ಕೇಳಿದಳು.

“ಅಕ್ಕೋರ, ಮುಂದಿನ ಸಲ ವೋಟು ಬಂದಾಗ ಹೋದ ಸಲದ್ದೂ ಕೂಡಿಸಿ ಎರಡು ಹಾಕಾಕ ಬರ್ತೈತೇನ್ರಿ?”

ತಮಾಷೆಗೆ ಕೇಳುತ್ತಿದ್ದಾಳೆಂದು ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

“ಬರಾಂಗಿಲ್ಲ ಖಾಲಾ,” ಅಂದೆ. “ಅದು ಹೋದದ್ದು ಹೋತು.”

“ಗೊತ್ತೈತ್ರಿ,” ಅಂದಳು. “ನೀವು ಏನಂತೀರಿ ಅಂತ ಕೇಳಿದ್ನಿ.” ಮತ್ತೆ ನನ್ನ ಬಸಿಗೆ ಚಹಾ ಹಾಕಿದಳು.